ಪಾತ್ರೆಯ ತಳದ ಹೆಸರು

ಆಲ್ಡರ್ ಕ್ರೀಕ್, ನೆಬ್ರಾಸ್ಕ
ಅಕ್ಟೋಬರ್ 15, 1993

ಮಿಸೆಸ್ ವರ್ನಾ ಟೀಡೆಮನ್ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ. ಧಾನ್ಯದ ಗೋದಾಮಿನ ಏಣಿಯಿಂದ ಬಿದ್ದನಲ್ಲ ಡ್ವೇನ್ ಕುಚೇರಾ, ಅವನ ಹೆಂಡತಿ ನಾನು, ರೋಂಡಾ. ಶಾಲೆಯ ಬಸ್ಸು ಓಡಿಸುವವಳು ಎಂದರೆ ಬೇಗ ಗೊತ್ತಾದೀತು. ಈ ಊರಿಗೆ ಬಂದು ವರ್ಷವಾಗುತ್ತಾ ಬಂತು. ಆದರೂ ಯಾವ ಮಗು ಯಾವ ತಿರುವಿನಲ್ಲಿ ಇಳಿಯುತ್ತದೆ ಎನ್ನುವುದು ಬಿಟ್ಟರೆ ಯಾರ ಮನೆಯೂ ನನಗೆ ಸರಿಯಾಗಿ ಗೊತ್ತಿಲ್ಲ.

ಬುಧವಾರ ಸಂಜೆ ಬಸ್ಸು ನಿಲ್ಲಿಸಿ ಮನೆಗೆ ಬಂದಾಗ ನನ್ನ ಸ್ಥಿತಿ ಹೇಳುವಂತಿರಲಿಲ್ಲ. ಸೊಂಟದ ಮೂಳೆ ಮುರಿದುಕೊಂಡ ಗಂಡ ಮುಂದಿನ ಕೋಣೆಯಲ್ಲಿ ಮಂಚದ ಮೇಲೆ ಗೋಡೆ ನೋಡುತ್ತಾ ಮಲಗಿರುತ್ತಾನೆ. ಆಸ್ಪತ್ರೆಯಿಂದ ಬಂದಾಗಿನಿಂದ ಒಂದು ತುತ್ತು ನೆಟ್ಟಗೆ ತಿಂದಿರಲಿಲ್ಲ. ಮಕ್ಕಳಿಗೆ ಮತ್ತೆ ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ ಸವರಿ ಕೊಡುವುದೇ ಎಂದುಕೊಳ್ಳುತ್ತಾ ಮೆಟ್ಟಿಲು ಹತ್ತಿದರೆ, ಬಾಗಿಲ ಮುಂದೆ ಟವೆಲ್ಲಿನಲ್ಲಿ ಸುತ್ತಿಟ್ಟ ನೀಲಿ ಹೂವಿನ ಬಿಳಿ ಪಾತ್ರೆ. ಮುಟ್ಟಿದರೆ ಸುಡುಸುಡು. ಸುತ್ತ ಯಾರೂ ಇಲ್ಲ.

ಮುಚ್ಚಳ ತೆಗೆದೆ. ಚಿಪ್ಪಿನಾಕಾರದ ಪಾಸ್ತಾ, ಬೀಫ್ ಕೀಮಾ, ಕೆನೆ, ಚೀಸ್. ಆ ವಾಸನೆಗೆ ನಾನು ಕೋಟು ಕೂಡ ಬಿಚ್ಚದೆ ನಿಂತಲ್ಲೇ ಒಂದು ಚಮಚ ತಿಂದೆ, ಆಮೇಲೆ ಅತ್ತೆ. ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ, ಅತ್ತೆ. ಮಗ ಕೋಡಿ ತಟ್ಟೆಯನ್ನು ಬೆರಳಿನಿಂದ ಬಳಿದ. ನಾಲ್ಕು ವರ್ಷದ ಆಂಬರ್, ಬಟಾಣಿ ಕಂಡರೆ ಓಡುವವಳು, ಅದರಲ್ಲಿದ್ದ ಬಟಾಣಿಯನ್ನೂ ನುಂಗಿದಳು. ಡ್ವೇನ್‌ಗೆ ಒಂದು ಬಟ್ಟಲು ಕೊಟ್ಟೆ. ಗೋಡೆ ಕಡೆಗಿದ್ದ ಮುಖ ಇತ್ತ ತಿರುಗಿತು.

"ಇದ್ಯಾರೇ ಮಾಡಿದ್ದು?" ಅಂದ.

"ಗೊತ್ತಿಲ್ಲ. ಬಾಗಿಲಲ್ಲಿ ಇಟ್ಟು ಹೋಗಿದಾರೆ."

"ಮೂಗಿಗೆ ಸುರ್ ಅಂತ ಏರುತ್ತೆ ಕಣೆ ಏನೋ ಒಂದು. ಇನ್ನೊಂದು ಸ್ವಲ್ಪ ಹಾಕು."

ಇನ್ನೊಂದು ಸ್ವಲ್ಪ ಹಾಕು! ಎಷ್ಟು ದಿನದ ಮೇಲೆ ಆ ಮಾತು ಕೇಳಿದೆನೋ. ಅದಕ್ಕಾಗಿಯೇ ಈ ಪತ್ರ. ಪಾತ್ರೆ ತೊಳೆಯುವಾಗ ತಳದಲ್ಲಿ ಅಂಟುಪಟ್ಟಿಯ ಮೇಲೆ ನಿಮ್ಮ ಹೆಸರು ಕಂಡಿತು. ಊಟ ಕೊಟ್ಟವರಿಗೆ ಕೈಯಾರೆ ಬರೆದು ಕೃತಜ್ಞತೆ ಹೇಳಬೇಕು, ಫೋನು ಸಾಲದು ಎಂದು ಅಮ್ಮ ನನ್ನನ್ನು ಬೆಳೆಸಿದ್ದಾಳೆ. ನಿಮ್ಮ ಮನೆ ಎಲ್ಲಿ ಎಂದು ಅಂಚೆ ಕಚೇರಿಯ ಆರ್ಲೀನ್ ಅವರನ್ನು ಕೇಳಿದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಬರೆದು ಕೊಡಿ, ತಲುಪುತ್ತೆ" ಎಂದರು.

ಪಾತ್ರೆಯನ್ನು ಖಾಲಿ ಹಿಂದಿರುಗಿಸುವಷ್ಟು ಮರ್ಯಾದೆಗೆಟ್ಟವಳಲ್ಲ ನಾನು. ಏನಾದರೂ ಮಾಡಿ ತುಂಬಿಸಿ ತರುತ್ತೇನೆ. ಮನೆ ಯಾವುದು ಎಂದು ತಿಳಿಸಿ. ಇನ್ನೊಂದು ಕೇಳುತ್ತೇನೆ, ಅತಿಯಾಯಿತು ಎನ್ನಬೇಡಿ. ಆ ಪಾಸ್ತಾ ಮಾಡುವ ಬಗೆ ಬರೆದು ಕಳಿಸುತ್ತೀರಾ? ಸಂಜೆ ಬಸ್ಸು ಇಳಿದು ಅರ್ಧ ಗಂಟೆಯಲ್ಲಿ ನನ್ನಂಥವಳಿಂದ ಆಗುವಂಥದ್ದಾದರೆ ಸಾಕು.

ನಿಮ್ಮ ಋಣದಲ್ಲಿರುವ,
ರೋಂಡಾ ಕುಚೇರಾ

—

ಮೇಸಾ, ಅರಿಜೋನ
ಅಕ್ಟೋಬರ್ 25, 1993

ಪ್ರಿಯ ರೋಂಡಾ,

ನಿನ್ನ ಪತ್ರ ಬಂತು. ಓದಿದೆ. ಮತ್ತೆ ಓದಿದೆ. ನನ್ನ ತಂಗಿ ಅರ್ಮಾ "ಏನದು, ಯಾರಾದ್ರೂ ಹೋಗ್ಬಿಟ್ರಾ?" ಎಂದು ಕೇಳಿದಳು. ನಮ್ಮ ವಯಸ್ಸಿಗೆ ನೆಬ್ರಾಸ್ಕದಿಂದ ಬರುವ ಕಾಗದವೆಲ್ಲ ಸಾವಿನ ಸುದ್ದಿಯೇ. ಇಲ್ಲ ಕಣೇ, ಒಬ್ಬ ಗಂಡಸು ಎರಡನೇ ಸಲ ಹಾಕಿಸಿಕೊಂಡು ಉಂಡನಂತೆ ಎಂದೆ.

ನಿನ್ನ ಗಂಡ ಉಂಡದ್ದು ಕೇಳಿ ನನಗಾದ ಸಂತೋಷ ಬರೆದು ಮುಗಿಯುವಂಥದ್ದಲ್ಲ. ಮೂಳೆ ಕೂಡುತ್ತದೆ, ಹೆದರಬೇಡ. ಗಂಡಸು ಮಲಗಿದರೆ ಮೊದಲು ಕುಗ್ಗುವುದು ಮನಸ್ಸು. ಕೈಗೊಂದು ಕೆಲಸ ಕೊಡು, ಎಷ್ಟು ಚಿಕ್ಕದಾದರೂ ಸರಿ.

ಮಾಡುವ ಬಗೆ ಕೇಳಿದ್ದೀಯ. ಬರೆದುಕೋ. ಅಗಲವಾದ ದಪ್ಪ ತಳದ ಪಾತ್ರೆಯಲ್ಲಿ ಬೀಫ್ ಕೀಮಾ ಹಾಕಿ ಸುಮ್ಮನೆ ಬಿಡು. ಕೆದಕುತ್ತಾ ನಿಲ್ಲಬೇಡ, ಕಂದು ಬಣ್ಣ ಬರಲಿ. ಬಿಟ್ಟ ಕೊಬ್ಬಿನಲ್ಲಿ ಒಂದು ಚಮಚದಷ್ಟು ಉಳಿಸಿ ಮಿಕ್ಕಿದ್ದು ಬಸಿದು ತೆಗೆ. ಹೆಚ್ಚಿದ ಈರುಳ್ಳಿ ಹಾಕು, ಅದು ಮೆತ್ತಗಾದ ಮೇಲೆ ಬೆಳ್ಳುಳ್ಳಿ. ಒಂದು ದೊಡ್ಡ ಚಮಚ ಮೈದಾ ಉದುರಿಸಿ ಹಸಿ ವಾಸನೆ ಹೋಗುವವರೆಗೆ ಕೈಯಾಡಿಸು. ಮಾಂಸದ ಸಾರು ಎರಡು ಲೋಟ, ಹಾಲು ಒಂದು ಲೋಟ, ಟೊಮೆಟೊ ಗೊಜ್ಜು ಬಣ್ಣಕ್ಕಷ್ಟೇ. ಕುದಿ ಬಂದಾಗ ಪಾಸ್ತಾವನ್ನು ಹಸಿಯಾಗೇ ಅದರೊಳಗೆ ಸುರಿ. ಬೇರೆ ನೀರಲ್ಲಿ ಬೇಯಿಸಿ ಸೋಸುವ ಗೋಜು ಬೇಡ. ಅದರ ಗಂಜಿಯೇ ಸಾರನ್ನು ಗಟ್ಟಿ ಮಾಡುತ್ತದೆ, ತೊಳೆಯುವುದಕ್ಕೂ ಒಂದೇ ಪಾತ್ರೆ. ಬೆಂದ ಮೇಲೆ ಕೆನೆ, ಬಟಾಣಿ, ಚೆಡ್ಡಾರ್ ಚೀಸ್. ಅಷ್ಟೇ.

ಈಗ ನಾನು ಎರಡು ಮಾತು ಕೇಳುತ್ತೇನೆ. ಪಾತ್ರೆಯ ತಳದ ಆ ಅಂಟುಪಟ್ಟಿ ಹಳೆಯದೋ ಹೊಸದೋ? ಅಕ್ಷರ ಹೇಗಿದೆ? ಇನ್ನೊಂದು. ನಿನ್ನ ಬಸ್ಸಿನಲ್ಲಿ ಮಿಂಡಿ ಟೀಡೆಮನ್ ಎಂಬ ಹುಡುಗಿ ಬರುತ್ತಾಳೆಯೇ? ಈಗ ಹದಿನಾಲ್ಕರ ಮೇಲಾಗಿರಬೇಕು. ಚಿಕ್ಕವಳಿದ್ದಾಗ ಮುಂಗೂದಲು ಸದಾ ಕಣ್ಣಿಗೆ ಬೀಳುತ್ತಿತ್ತು. ನನ್ನ ಮೊಮ್ಮಗಳು. ಹೇಗಿದ್ದಾಳೆ ಎಂದಷ್ಟೇ ಬರೆದರೆ ಸಾಕು, ನಾನು ಕೇಳಿದೆ ಎಂದು ಅವಳಿಗೆ ಹೇಳಬೇಡ.

ವರ್ನಾ ಟೀಡೆಮನ್

—

ಆಲ್ಡರ್ ಕ್ರೀಕ್
ನವೆಂಬರ್ 5, 1993

ಪ್ರಿಯ ಮಿಸೆಸ್ ಟೀಡೆಮನ್,

ನೀವು ಅರಿಜೋನದಲ್ಲಿದ್ದೀರಾ! ಲಕೋಟೆ ನೋಡಿ ನಕ್ಕುಬಿಟ್ಟೆ. ನಮಗೆ ಊಟ ಇಟ್ಟು, ಪೆಟ್ಟಿಗೆ ಕಟ್ಟಿ, ಚಳಿ ಶುರುವಾಗುವ ಮೊದಲೇ ಬಿಸಿಲಿಗೆ ಹಾರಿಬಿಟ್ಟಿರಿ. ಪುಣ್ಯವಂತರು. ಇಲ್ಲಿ ಬೆಳಿಗ್ಗೆ ಬಸ್ಸಿನ ಗಾಜಿನ ಮೇಲಿನ ಮಂಜು ಕೆರೆದು ಕೆರೆದು ನನ್ನ ಬೆರಳು ಮರಗಟ್ಟುತ್ತಿದೆ. ವಸಂತದಲ್ಲಿ ಬಂದಾಗ ಪಾತ್ರೆ ತುಂಬಿಸಿ ಕೊಡುತ್ತೇನೆ, ಅಲ್ಲಿಯವರೆಗೆ ಫ್ರಿಜ್ಜಿನ ಮೇಲೆ ಭದ್ರವಾಗಿರುತ್ತದೆ.

ನಿಮ್ಮ ಪಾಸ್ತಾ ಮಾಡಿದೆ. ಅಯ್ಯೋ, ಏನು ಹೇಳಲಿ! ಬುಧವಾರ ಬಸ್ಸು ಇಳಿದು ಬಂದವಳೇ ಶುರುಮಾಡಿದೆ. ನೀವು ಹೇಳಿದಂತೆ ಕೀಮಾ ಕೆದಕಲಿಲ್ಲ, ಪಾಸ್ತಾ ಸೋಸಲಿಲ್ಲ, ಎಲ್ಲ ಚೆನ್ನಾಗಿಯೇ ಇತ್ತು. ಕೊನೆಗೆ ತುರಿದ ಚೀಸಿನ ಪೊಟ್ಟಣ ಒಡೆದು ಕೊತಕೊತ ಕುದಿಯುವಾಗಲೇ ಸುರಿದೆ. ಕಣ್ಣೆದುರಲ್ಲೇ ಅದು ಮರಳು ಮರಳಾಗಿ ಒಡೆಯಿತು, ಎಣ್ಣೆ ಬೇರೆ, ಉಂಡೆ ಬೇರೆ. ಕೋಡಿ ಬಗ್ಗಿ ನೋಡಿ, "ಅಮ್ಮಾ, ಇದಕ್ಕೆ ಜ್ವರ ಬಂದಿದ್ಯಾ?" ಎಂದ.

ಡ್ವೇನ್ ಪಾಪ, ತಿಂದ.

"ಹೇಗಿದೆಯೋ?" ಅಂದೆ.

"ಚೆನ್ನಾಗಿದೆ."

"ಸುಳ್ಳು ಹೇಳ್ಬೇಡ."

"ಚೆನ್ನಾಗಿದೆ ಅಂದ್ನಲ್ಲ. ಆದ್ರೆ ಇದು ಅದಲ್ಲ. ಮೂಗಿಗೆ ಏರೋದು ಇಲ್ಲವೇ ಇಲ್ಲ. ಆ ಅಜ್ಜಿ ಏನೋ ಮುಚ್ಚಿಟ್ಟಿದಾರೆ ಕಣೆ ನಿನ್ ಹತ್ರ."

ತಿಂಗಳಿಂದ ಮುಖ ಗಂಟು ಹಾಕಿಕೊಂಡಿದ್ದವನು ಅದನ್ನು ಹೇಳಿ ನಕ್ಕ. ಮಂಚ ಅಲುಗುವಂತೆ ನಕ್ಕು, ಸೊಂಟ ನೋಯುತ್ತದೆ ಎಂದು ಬೈದುಕೊಂಡ. ಹಾಗಾಗಿ ಕೆಟ್ಟುಹೋದ ಪಾಸ್ತಾಕ್ಕೂ ನಿಮಗೇ ಕೃತಜ್ಞತೆ ಹೇಳಬೇಕು. ಆದರೆ ನಿಜ ಹೇಳಿ, ಏನನ್ನು ಬಿಟ್ಟಿದ್ದೀರಿ?

ನೀವು ಕೇಳಿದ್ದಕ್ಕೆ ಉತ್ತರ. ಅಂಟುಪಟ್ಟಿ ಹೊಸದು, ಅಂಚು ಕೂಡ ಎದ್ದಿಲ್ಲ. ನೀಲಿ ಶಾಯಿ, ದುಂಡನೆಯ ಅಕ್ಷರ. ಅದರ ಕೆಳಗೆ ಹಳೆಯ ಪಟ್ಟಿಗಳ ಅಂಟು ಪದರ ಪದರವಾಗಿ ಹಳದಿಗಟ್ಟಿದೆ. ನಿಮ್ಮ ಪಾತ್ರೆ, ನಿಮಗೇ ಗೊತ್ತಿರಬೇಕಲ್ಲ! ಮಿಂಡಿ ನನ್ನ ಬಸ್ಸಿನಲ್ಲೇ ಬರುತ್ತಾಳೆ. ಎತ್ತರದ ಹುಡುಗಿ, ಕಡೆಯ ಸೀಟು, ಮುಂಗೂದಲು ಈಗಲೂ ಕಣ್ಣ ಮೇಲೆ. ಇಳಿಯುವಾಗ ಮರೆಯದೆ "ಥ್ಯಾಂಕ್ಯೂ ಮಿಸೆಸ್ ಕುಚೇರಾ" ಎನ್ನುವವಳು ಅವಳೊಬ್ಬಳೇ. ನಿಮ್ಮ ಪತ್ರ ಬರುವ ಮುಂಚೆಯೇ ಟೀಡೆಮನ್ ಹೆಸರು ಕಂಡು, ವರ್ನಾ ಅವರು ನಿನಗೇನಾಗಬೇಕು ಎಂದು ಕೇಳಿಬಿಟ್ಟಿದ್ದೆ. ಅಜ್ಜಿ ಎಂದಳು. ಅಷ್ಟೇ ಹೇಳಿದಳು.

ನಿಮ್ಮ,
ರೋಂಡಾ

—

ಮೇಸಾ, ಅರಿಜೋನ
ನವೆಂಬರ್ 13, 1993

ರೋಂಡಾ,

ನಿನ್ನ ಗಂಡ ಬುದ್ಧಿವಂತ. ನಾನು ಮುಚ್ಚಿಟ್ಟಿದ್ದೇನೆ. ಒಂದಲ್ಲ, ಎರಡು.

ಮೊದಲನೆಯದು ಹಾರ್ಸ್‌ರಾಡಿಶ್. ಬೇಲಿ ಪಕ್ಕ ತಾನಾಗಿ ಬೆಳೆಯುವ ಬೇರು. ತುರಿಯುವಾಗ ಕಣ್ಣಲ್ಲಿ ನೀರು, ತಿಂದರೆ ಮೂಗಿಗೆ ಖಾರ. ಕೆನೆ ಹಾಕುವಾಗ ಒಂದು ಚಮಚ ತುರಿದು ಹಾಕಬೇಕು. ನಮ್ಮೂರಿನ ಹೆಂಗಸರು ಅಡುಗೆ ಹೇಳಿಕೊಡುವಾಗ ಒಂದನ್ನು ಬಿಟ್ಟೇ ಹೇಳುತ್ತಾರೆ. ಬೇಕಾದರೆ ಅವರ ಆಪಲ್ ಕೇಕು ಮಾಡಿ ನೋಡು. ನಾನೂ ಅಂಥವಳೇ. ಚರ್ಚಿನಲ್ಲಿ ಎಷ್ಟು ಜನ ಕೇಳಿದರೂ ಬಾಯಿ ಬಿಟ್ಟಿರಲಿಲ್ಲ. ಅದು ಗೊತ್ತಿದ್ದದ್ದು ನನಗೆ, ನನ್ನ ಪಕ್ಕದಲ್ಲಿ ನಿಂತು ಕಲಿತ ಸೊಸೆ ಲುವಾನ್‌ಗೆ.

ಎರಡನೆಯದು ಇದು. ನಿನ್ನ ಮನೆ ಬಾಗಿಲಲ್ಲಿ ಊಟ ಇಟ್ಟವಳು ನಾನಲ್ಲ. ನಾನು ಅರಿಜೋನಕ್ಕೆ ಬಂದು ನಾಲ್ಕು ವರ್ಷವಾಯಿತು. ಆ ಮನೆ ಮಾರಿ, ಅರ್ಮಾಳ ಜೊತೆ ಈ ಪುಟ್ಟ ಮನೆಯಲ್ಲಿದ್ದೇನೆ. "ಮೊದಲು ಅದನ್ನ ಬರೆದು ತಿಳಿಸೇ, ಬೇರೆಯವರ ಕೃತಜ್ಞತೆ ಕದೀತೀಯಾ?" ಎಂದು ಅರ್ಮಾ ದಿನವೂ ಕುಟುಕಿದಳು. ಬರೆಯಲು ಕೈ ಬರಲಿಲ್ಲ. 'ಮೂಗಿಗೆ ಏರುತ್ತೆ' ಎಂದು ಓದಿದಾಗಲೇ ಗೊತ್ತಾಯಿತು ನನಗೆ, ಅದು ಯಾರ ಕೈ ಎಂದು.

ನನ್ನ ಮಗ ರಾಜರ್ ಹೆಂಡತಿ ಮಗಳನ್ನು ಬಿಟ್ಟು ಇನ್ನೊಬ್ಬಳ ಜೊತೆ ಟೆಕ್ಸಸ್‌ಗೆ ಹೋದ. ನಾನು ಹೆತ್ತ ಮಗ. ಊರಲ್ಲಿ ತಲೆಯೆತ್ತಿ ನಡೆಯಲಾರದೆ ಹೋದೆ. ಲುವಾನ್ ಮುಂದೆ ನಿಂತು ಏನು ಹೇಳುವುದು? ಬಾಯಿಗೆ ಮಾತು ಬರಲಿಲ್ಲ, ಕೈಗೆ ಅಡುಗೆ ಬಂತು. ಅವನು ಹೋದ ವಾರದ ಬುಧವಾರ ಪಾಸ್ತಾ ಮಾಡಿ ನೀಲಿ ಹೂವಿನ ಪಾತ್ರೆಯಲ್ಲಿ ತುಂಬಿ ಅವಳ ಬಾಗಿಲಲ್ಲಿಟ್ಟು ಬಂದೆ.

ಪಾತ್ರೆ ಹಿಂದಿರುಗಿ ಬರಲಿಲ್ಲ. ನೀನು ಹೊಸಬಳಾದರೂ ನಿನಗೆ ಗೊತ್ತಿದೆ, ನಮ್ಮಲ್ಲಿ ಪಾತ್ರೆ ಹಿಂದಿರುಗಿಸದಿದ್ದರೆ ಏನರ್ಥ ಎಂದು. ನಿಮ್ಮ ನಮ್ಮ ಲೆಕ್ಕ ಮುಗಿಯಿತು ಎಂದು. ಚರ್ಚಿನಲ್ಲಿ ಅವಳು ಬೆಳಗಿನ ಮೊದಲ ಪ್ರಾರ್ಥನೆಗೆ ಹೋಗಲು ಶುರುಮಾಡಿದಳು, ನಾನು ಯಾವಾಗಲೂ ಎರಡನೆಯದಕ್ಕೆ. ಅರ್ಥವಾಯಿತು. ಅವಳ ಮಗಳನ್ನು ಕಾಣಲು ಅವಳ ಬಾಗಿಲು ತಟ್ಟುವ ಹಕ್ಕು ನನಗೆಲ್ಲಿದೆ? ಒಂದು ವರ್ಷ ಅಡುಗೆಮನೆ ಕಿಟಕಿಯಿಂದ ದಾರಿ ನೋಡಿದೆ. ಆಮೇಲೆ ಮನೆ ಮಾರಾಟದ ಫಲಕ ನೆಟ್ಟೆ.

ಈಗ ನೀನು ಬರೆಯುತ್ತೀಯ, ಪಟ್ಟಿ ಹೊಸದು ಎಂದು, ಕೆಳಗೆ ಹಳೆಯ ಪದರಗಳಿವೆ ಎಂದು. ಅಂದರೆ ತೊಳೆದು ತೊಳೆದು ನನ್ನ ಹೆಸರು ಅಳಿಸಿದಾಗೆಲ್ಲ ಅವಳು ಮತ್ತೆ ಬರೆಯುತ್ತಿದ್ದಾಳೆ. ಯಾಕೆ? ನನ್ನನ್ನು ನೆನೆದೋ, ಇಲ್ಲ ಇದು ನನ್ನದಲ್ಲ, ನನಗೆ ಬೇಡ ಎಂದು ಊರಿಗೆಲ್ಲ ತೋರಿಸಲೋ? ಇಷ್ಟು ವಯಸ್ಸಾದ ಮೇಲೆ ಇಷ್ಟು ಚಿಕ್ಕ ವಿಷಯಕ್ಕೆ ನಿದ್ದೆಗೆಡುತ್ತಿದ್ದೇನೆ ಎಂದು ನಗಬೇಡ. ಅವಳೂ ಮಿಂಡಿಯೂ ಬಿಟ್ಟರೆ ನನಗಿನ್ಯಾರಿದ್ದಾರೆ?

ಆದರೆ ನೀನು ಅವಳನ್ನು ಕೇಳಬೇಡ. ಖಂಡಿತ ಬೇಡ. ಉತ್ತರ ಕೆಟ್ಟದಾಗಿದ್ದರೆ ಕೇಳಿಸಿಕೊಳ್ಳುವ ಶಕ್ತಿ ನನಗಿಲ್ಲ. ಪಾತ್ರೆ ನೀನೇ ಇಟ್ಟುಕೋ.

ಚೀಸ್ ಒಡೆದದ್ದಕ್ಕೆ: ಪೊಟ್ಟಣದ ತುರಿ ತರಬೇಡ, ಅಂಟಿಕೊಳ್ಳದಿರಲಿ ಎಂದು ಅದಕ್ಕೆ ಹಿಟ್ಟು ಸವರಿರುತ್ತಾರೆ. ಗಟ್ಟಿ ತುಂಡು ತಂದು ಮನೆಯಲ್ಲೇ ತುರಿ. ಒಲೆ ಆರಿಸಿದ ಮೇಲೇ ಹಾಕು. ಕುದಿ ನಿಲ್ಲುವ ತನಕ ಕಾಯುವ ತಾಳ್ಮೆ ಇರಬೇಕು.

ವರ್ನಾ

—

ಮೇಸಾ, ಅರಿಜೋನ
ನವೆಂಬರ್ 24, 1993

ಪ್ರಿಯ ರೋಂಡಾ,

ನಿನ್ನಿಂದ ಕಾಗದವಿಲ್ಲ. ಗಂಡನಿಗೆ ಹೆಚ್ಚಾಯಿತೇ? ಅಥವಾ ನಾನು ಬರೆದದ್ದು ನಿನಗೆ ಭಾರವಾಯಿತೇ? ಕೈತುಂಬ ಕೆಲಸವಿರುವವಳ ಮೇಲೆ ನನ್ನ ಮನೆಯ ಗೋಳನ್ನೆಲ್ಲ ಸುರಿದೆ. ಮರೆತುಬಿಡು. ನಾಳೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಅರ್ಮಾ ಟರ್ಕಿ ಕೋಳಿ ತಂದಿದ್ದಾಳೆ, ಇಬ್ಬರು ಮುದುಕಿಯರಿಗೆ ಊರಿಗೇ ಆಗುವಷ್ಟು ದೊಡ್ಡದು. ಊಟಕ್ಕೆ ಮೊದಲು ಈ ವರ್ಷ ಯಾವುದಕ್ಕೆ ಕೃತಜ್ಞರು ಎಂದು ಒಬ್ಬೊಬ್ಬರೂ ಹೇಳಬೇಕು. ನಾನು ನಿನ್ನ ಹೆಸರು ಹೇಳುವವಳಿದ್ದೇನೆ. ತಪ್ಪಿ ಬರೆದರೂ ನೀನು ನನಗೆ ಬರೆದೆಯಲ್ಲ.

ವರ್ನಾ

—

ಆಲ್ಡರ್ ಕ್ರೀಕ್
ನವೆಂಬರ್ 29, 1993

ಪ್ರೀತಿಯ ವರ್ನಾ ಅವರಿಗೆ,

ಬೈಯಿರಿ. ಎಷ್ಟು ಬೇಕಾದರೂ ಬೈಯಿರಿ. ನೀವು ಬೇಡ ಎಂದದ್ದನ್ನೇ ಮಾಡಿದ್ದೇನೆ.

ನಿಮ್ಮ ಪತ್ರ ಓದಿದ ಮೇಲೆ ಫ್ರಿಜ್ಜಿನ ಮೇಲಿನ ಪಾತ್ರೆಯನ್ನು ನೋಡಲಾಗಲಿಲ್ಲ. ಯಾರ ಊಟವೋ ಉಂಡು ಇನ್ಯಾರಿಗೋ ಕೃತಜ್ಞತೆ ಹೇಳಿ ಕೂತಿದ್ದೆ ನಾನು. ಲುವಾನ್ ಅವರಿಗೆ ನನ್ನ ಕೃತಜ್ಞತೆ ಸಲ್ಲಬೇಕಿತ್ತು. ಕೇಳಬೇಡ ಎಂದಿರಿ, ಪಾತ್ರೆ ಇಟ್ಟುಕೋ ಎಂದಿರಿ, ಅದರಲ್ಲಿ ಊಟ ಒಯ್ಯಬೇಡ ಎನ್ನಲಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಖಾಲಿ ಒಯ್ಯುವಂತಿಲ್ಲ. ಬುಧವಾರ, ಹಬ್ಬದ ಹಿಂದಿನ ಸಂಜೆ, ಪಾಸ್ತಾ ಮಾಡಲು ನಿಂತೆ. ಡ್ವೇನ್ ಮಂಚದ ಮೇಲೆ ಹಲಗೆ ಇಟ್ಟುಕೊಂಡು ಚೀಸ್ ತುರಿದ, ಹಾರ್ಸ್‌ರಾಡಿಶ್ ತುರಿದು ಗಳಗಳ ಕಣ್ಣೀರು ಸುರಿಸಿದ. "ಇದನ್ನ ತಿನ್ನಿಸಿ ಎಬ್ಬಿಸಿದ್ರು ನನ್ನ, ಈಗ ಇದನ್ನೇ ತುರಿಸಿ ಕೊಲ್ತಿದ್ದೀಯಾ" ಎಂದ. ಕೈಗೆ ಕೆಲಸ ಕೊಡು ಎಂದಿದ್ದಿರಲ್ಲ, ಅವತ್ತಿನಿಂದ ನಮ್ಮ ಮನೆಯ ತುರಿಯುವ ಕೆಲಸವೆಲ್ಲ ಅವನದೇ. ಒಲೆ ಆರಿಸಿದೆ. ಕುದಿ ನಿಲ್ಲಲು ಬಿಟ್ಟೆ. ಚೀಸ್ ಹಾಕಿದೆ. ಒಡೆಯಲಿಲ್ಲ ವರ್ನಾ ಅವರೇ, ರೇಷ್ಮೆಯ ಹಾಗೆ ಬಂತು!

ಲುವಾನ್ ಬಾಗಿಲು ತೆಗೆದರು. ವೃದ್ಧಾಶ್ರಮದ ಅಡುಗೆಮನೆ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದರು, ಕೂದಲು ಉದುರದಂತೆ ಹಾಕಿಕೊಳ್ಳುವ ತಲೆಯ ಬಲೆ ಕೂಡ ತೆಗೆದಿರಲಿಲ್ಲ. ನನ್ನ ಕೈಯಲ್ಲಿನ ಪಾತ್ರೆ ಕಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಇದನ್ನ ಯಾಕೆ ಬಾಗಿಲು ತಟ್ಟಿ ತಂದ್ರಿ?"

"ನಿಮ್ಮ ಊಟಕ್ಕೆ ಥ್ಯಾಂಕ್ಸ್ ಹೇಳೋಕೆ."

"ತಳದಲ್ಲಿ ಹೆಸರು ನೋಡ್ಲಿಲ್ವಾ?"

"ನೋಡ್ದೆ. ಅವರಿಗೆ ಕಾಗದ ಬರೆದೆ."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಬರೆದ್ರಾ? ನಿಜವಾಗ್ಲೂ? ಈ ಊರಲ್ಲಿ ಯಾರೂ ಬರೆದಿಲ್ಲ ಕಣ್ರೀ. ವರ್ನಾ ಇಲ್ಲಿಲ್ಲ ಅಂತ ಎಲ್ರಿಗೂ ಗೊತ್ತು. ಪಾತ್ರೆ ತೊಳೆದು, ಏನಾದ್ರೂ ತುಂಬಿಸಿ, ಏನೂ ಕೇಳದೆ ನನ್ನ ಮೆಟ್ಟಿಲ ಮೇಲೆ ಇಟ್ಟು ಹೋಗ್ತಾರೆ."

ಗೊತ್ತಿಲ್ಲದವಳು ನಾನೊಬ್ಬಳೇ ಆಗಿದ್ದೆ, ನೋಡಿ. ಆರ್ಲೀನ್ ನನ್ನ ಮುಖ ಯಾಕೆ ನೋಡಿದರು ಎಂದು ಆಗ ಹೊಳೆಯಿತು.

ಅಡುಗೆಮನೆಯಲ್ಲಿ ಕೂತೆವು. ನೀವು ಕೇಳಬೇಡ ಎಂದ ಪ್ರಶ್ನೆಯನ್ನು ನಾನು ಕೇಳಲಿಲ್ಲ, ಆಣೆ. ಅವರೇ ಶುರುಮಾಡಿದರು. ಅವರ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ.

"ನನ್ನ ಗಂಡ ಬಿಟ್ಟು ಹೋದ ವಾರ ಊರೆಲ್ಲ ಫೋನ್ ಮಾಡ್ತು. ಬಾಗಿಲಿಗೆ ಊಟ ತಂದಿಟ್ಟವರು ಅವರೊಬ್ರೇ. ಅವನ ತಾಯಿ! ಆ ಪಾತ್ರೆನ ಖಾಲಿ ಹೇಗೆ ಕೊಡ್ಲಿ? ಅದಕ್ಕೆ ಸಮ ಏನು ತುಂಬಿಸ್ಲಿ ಹೇಳಿ. ಒಂದ್ಸಲ ಆಪಲ್ ಕೇಕ್ ಮಾಡ್ಕೊಂಡು ಅವರ ಮನೆ ತಿರುವಿನ ತನಕ ಹೋದೆ, ಇದೇನು ಮಹಾ ಅನ್ನಿಸಿ ವಾಪಸ್ ಬಂದೆ. ಭಾನುವಾರ ಕೆಲಸ ಬಿತ್ತು, ಮೊದಲ ಪ್ರಾರ್ಥನೆಗೆ ಹೋಗ್ಬೇಕಾಯ್ತು, ಚರ್ಚಲ್ಲೂ ಸಿಗಲಿಲ್ಲ. ನಾಳೆ ಕೊಡ್ತೀನಿ, ಮುಂದಿನ ವಾರ ಕೊಡ್ತೀನಿ ಅಂತಾನೇ ಇದ್ದೆ. ಒಂದಿನ ನೋಡ್ತೀನಿ, ಅವರ ಅಂಗಳದಲ್ಲಿ ಮಾರಾಟದ ಬೋರ್ಡು. ನನ್ನ ಮುಖ ನೋಡೋಕೆ ಇಷ್ಟ ಇಲ್ದೆ ಊರೇ ಬಿಟ್ರು ಅಂದ್ಕೊಂಡೆ."

"ಮತ್ತೆ ಅವರ ಹೆಸರು ಯಾಕೆ ಬರೀತೀರಿ?" ಎಂದೆ. ಇದನ್ನು ಕೇಳಿಬಿಟ್ಟೆ, ಕ್ಷಮಿಸಿ.

"ಊಟ ಅವರದ್ದಲ್ವಾ?" ಎಂದರು, ಇದೆಂಥ ಪ್ರಶ್ನೆ ಎನ್ನುವ ಹಾಗೆ. "ಆವತ್ತು ಅದನ್ನ ತಿಂದು ನಾನೂ ನನ್ ಮಗಳೂ ಬದುಕಿದ್ವಿ. ಯಾರ ಮನೇಲಿ ಕಷ್ಟ ಅಂದ್ರೂ ಅದನ್ನೇ ಮಾಡ್ತೀನಿ. ನನ್ನ ಹೆಸರು ಹಾಕೋಕೆ ನಾನ್ಯಾರು?"

ಮಿಂಡಿ ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಈಗ ನನ್ನದೂ ಒಂದು ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ. ಬಸ್ಸಿನಲ್ಲಿ ಆವತ್ತು ಅವಳು ಬರೀ 'ಅಜ್ಜಿ' ಎಂದು ಸುಮ್ಮನಾಗಿರಲಿಲ್ಲ. "ಅಜ್ಜಿ ಆಗಿದ್ರು. ನಮ್ಮನ್ನ ಬಿಟ್ಟು ಹೋದ್ರು" ಎಂದಿದ್ದಳು. ನಿಮಗೆ ಬರೆಯಲು ಮನಸ್ಸಾಗಲಿಲ್ಲ. ಈಗ ಬರೆಯುತ್ತಿದ್ದೇನೆ, ಯಾಕೆಂದರೆ ಬುಧವಾರ ನಾನು ನಿಮ್ಮ ಮೊದಲ ಪತ್ರವನ್ನು, ಮುಂಗೂದಲಿನ ಮಾತಿದೆಯಲ್ಲ, ಅದನ್ನು ಚೀಲದಿಂದ ತೆಗೆದು ಅವಳ ಕೈಗೆ ಕೊಟ್ಟೆ. ಓದಿದಳು. ಕೂದಲು ಹಿಂದೆ ತಳ್ಳಿಕೊಂಡು, "ಅಮ್ಮಾ, ಅಜ್ಜಿ ವಿಳಾಸ ಇದೆ ಇದ್ರಲ್ಲಿ" ಎಂದಳು.

ಆಮೇಲೆ ಮೂವರೂ ಪಾತ್ರೆಗೇ ಚಮಚ ಹಾಕಿ ತಿಂದೆವು. ಲುವಾನ್ ಮೊದಲ ತುತ್ತಿಗೆ ನಿಲ್ಲಿಸಿ, "ಬೇರು ಒಂಚೂರು ಜಾಸ್ತಿ ಆಯ್ತು" ಎಂದರು. ನಿಮ್ಮ ಸೊಸೆಯೇ, ಅನುಮಾನವಿಲ್ಲ.

ಪಾತ್ರೆ ಅಲ್ಲೇ ಬಿಟ್ಟು ಬಂದೆ. ಆಮೇಲಿನದು ನಾನು ಬರೆಯಬೇಕಾದ್ದಲ್ಲ. ಹೊರಡುವಾಗ ಲುವಾನ್ ಕೇಳಿದ್ದು ಒಂದೇ ಮಾತು: "ನನ್ನ ಮೇಲೆ ಅವರಿಗೆ ಕೋಪ ಇದ್ಯಾ?" ನಾನು ಇಲ್ಲ ಎಂದೆ. ಸರಿ ತಾನೆ?

ನಿಮ್ಮ ರೋಂಡಾ

—

ಮೇಸಾ, ಅರಿಜೋನ
ಡಿಸೆಂಬರ್ 10, 1993

ನನ್ನ ರೋಂಡಾ,

ಸರಿ. ನೂರು ಸಲ ಸರಿ. ಹೇಳಿದ ಮಾತು ಕೇಳದ ಹೆಣ್ಣೇ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಕಾಗದ ಬಂದ ಮರುದಿನವೇ ಪಾರ್ಸೆಲ್ ಬಂತು. ಅಂಚೆಯವನು ಬಾಗಿಲಿಗೆ ತಂದುಕೊಟ್ಟ. ಅರ್ಮಾ ಕತ್ತರಿ ಹುಡುಕುವಷ್ಟರಲ್ಲಿ ನಾನು ಹಲ್ಲಿನಿಂದಲೇ ದಾರ ಕಚ್ಚಿ ಬಿಚ್ಚಿದ್ದೆ. ಮಿಂಡಿಯ ಹಳೆಯ ಸ್ವೆಟರ್ ಒಳಗೆ ಸುತ್ತಿದ ನೀಲಿ ಹೂವಿನ ಪಾತ್ರೆ. ಅದು ಖಾಲಿ ಇರಲಿಲ್ಲ. ಒಳಗೆ ಒದ್ದೆ ಕಾಗದದಲ್ಲಿ ಸುತ್ತಿದ ಹಾರ್ಸ್‌ರಾಡಿಶ್ ಬೇರು. ಹಿಮ ಬೀಳುವ ಮುಂಚೆ ಅಗೆದಿಟ್ಟದ್ದಂತೆ, ಮಿಂಡಿ ಚೀಟಿ ಬರೆದಿದ್ದಾಳೆ. ಮದುವೆಯಾದ ವರ್ಷ ನಾನು ಲುವಾನ್‌ಗೆ ಕೊಟ್ಟ ತುಂಡಿನಿಂದ ಬೆಳೆದದ್ದು. ಅದರ ಪಕ್ಕ ಮಿಂಡಿಯ ಶಾಲೆಯ ಫೋಟೋ. ಮುಂಗೂದಲಿಗೆ ಕ್ಲಿಪ್ಪು ಹಾಕಿಕೊಂಡಿದ್ದಾಳೆ, ಅಜ್ಜಿಗೆ ಮುಖ ಕಾಣಲಿ ಎಂದೇ ಇರಬೇಕು.

ಫೋಟೋ ನೋಡಿ ಅಳಲಿಲ್ಲ. ಬೇರಿನ ವಾಸನೆಗೆ ಕಣ್ಣು ಉರಿಯುತ್ತಿದೆ ಎಂದು ಅರ್ಮಾಗೆ ಹೇಳಿದೆ. ಅಳು ಬಂದದ್ದು ಪಾತ್ರೆ ತೊಳೆಯಲು ಬೋರಲು ಹಾಕಿದಾಗ. ಹಳೆಯ ಅಂಟೆಲ್ಲ ಕೆರೆದು ತೆಗೆದು ತಳ ಫಳಫಳ ಮಾಡಿದ್ದಾರೆ. ನನ್ನ ಹೆಸರಿಲ್ಲ. ಹೊಸ ಪಟ್ಟಿಯ ಮೇಲೆ ಆ ದುಂಡನೆಯ ಅಕ್ಷರದಲ್ಲಿ 'ಲುವಾನ್ ಟೀಡೆಮನ್' ಎಂದಿದೆ.

"ಅಯ್ಯೋ, ನಿನ್ನ ಪಾತ್ರೆ ಮೇಲೆ ಅವಳ ಹೆಸರಾ!" ಎಂದಳು ಅರ್ಮಾ. ಅವಳು ಹರೆಯದಲ್ಲೇ ನೆಬ್ರಾಸ್ಕ ಬಿಟ್ಟವಳು, ಮರೆತಿದ್ದಾಳೆ. ನಿನಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಪಾತ್ರೆ ಈಗ ಲುವಾನ್‌ದು, ತುಂಬಿಸಿ ಕಳಿಸಿದ್ದಾಳೆ. ಹಾಗಾದರೆ ಹಿಂದಿರುಗಿಸಬೇಕಾದವಳು ನಾನು. ಖಾಲಿ ಕೊಡುವ ಹಾಗಿಲ್ಲ. ಪಾಸ್ತಾ ಅಂಚೆಯಲ್ಲಿ ಹೋಗುವುದಿಲ್ಲ.

ಬಸ್ಸಿನ ಟಿಕೆಟ್ ತೆಗೆಸಿದ್ದೇನೆ. "ನಿನಗೇನು ತಲೆ ಕೆಟ್ಟಿದ್ಯಾ? ಡಿಸೆಂಬರಲ್ಲಿ ಯಾರಾದ್ರೂ ನೆಬ್ರಾಸ್ಕಕ್ಕೆ ಹೋಗ್ತಾರಾ?" ಎಂದು ಅರ್ಮಾ ಕೂಗಾಡಿದಳು. ಕೂಗಾಡುತ್ತಲೇ ನನ್ನ ಉಣ್ಣೆಯ ಕೋಟು ಹುಡುಕಿ ಬಿಸಿಲಿಗೆ ಹಾಕಿದಳು. ಕ್ರಿಸ್‌ಮಸ್ ಹಿಂದಿನ ಬುಧವಾರ ಮಧ್ಯಾಹ್ನ ಇಳಿಯುತ್ತೇನೆ. ಲುವಾನ್ ಮನೆಗೆ ನೇರ ಹೋಗಲಾರೆ, ಕೈಯಲ್ಲಿ ಊಟವಿರಬೇಕು. ಮೊದಲು ನಿನ್ನ ಅಡುಗೆಮನೆ. ಬೇರು ನನ್ನ ಚೀಲದಲ್ಲಿರುತ್ತದೆ. ಪಾತ್ರೆ ತುಂಬಿ ಉಕ್ಕುವಷ್ಟು ಮಾಡೋಣ, ಆಮೇಲೆ ಎಲ್ಲರೂ ಅವಳ ಮನೆಗೆ ಹೋಗೋಣ, ಡ್ವೇನ್‌ನನ್ನೂ ಕೋಲು ಹಿಡಿಸಿ ಎಬ್ಬಿಸು. ಏಳು ತಟ್ಟೆ ಬೇಕಾಗುತ್ತವೆ ಎಂದು ಮಿಂಡಿಗೆ ಬಸ್ಸಿನಲ್ಲೇ ಹೇಳಿಬಿಡು.

ನನ್ನ ಹೆಸರಿಗೆ ಬಂದ ಕೃತಜ್ಞತೆಯನ್ನು ನಾನು ಕದ್ದೆ ಎಂದು ಅರ್ಮಾ ಹೇಳುತ್ತಿದ್ದಳಲ್ಲ, ಅದನ್ನೆಲ್ಲ ಕೂಡಿಸಿ ಈಗ ನಿನಗೆ ಕೊಡುತ್ತಿದ್ದೇನೆ ರೋಂಡಾ. ನೀನು ಬರೆಯದಿದ್ದರೆ ಅವಳು ಅಲ್ಲಿ ನನ್ನ ಹೆಸರು ಬರೆಯುತ್ತಲೇ ಇರುತ್ತಿದ್ದಳು, ನಾನು ಇಲ್ಲಿ ಅವಳ ದಾರಿ ನೋಡುತ್ತಲೇ ಇರುತ್ತಿದ್ದೆ.

ಕೀಮಾ ತಂದಿಡು, ಈರುಳ್ಳಿ ಹೆಚ್ಚಿಡು, ಡ್ವೇನ್ ಕೈಲಿ ಚೀಸ್ ತುರಿಸಿಡು. ಬಸ್ಸು ತಡವಾದರೆ ಪಾಸ್ತಾ ಕೂಡ ಹಾಕಿಬಿಡು. ಆದರೆ ಚೀಸ್ ಮಾತ್ರ ನಾನು ಬರುವವರೆಗೆ ಹಾಕಬೇಡ.

ವರ್ನಾ